ಅಟ್ಟದ ಮೇಲಿನ ಸಕ್ಕರೆ ಡಬ್ಬಿ

ನನಗೆ ನಮ್ಮ ಮನೆಯ ಸಕ್ಕರೆ ಡಬ್ಬಿಯ ಮೇಲೆ ಸಿಟ್ಟಿದೆ. ವಯಸ್ಸಾದ ಗಂಡಸು ಡಬ್ಬಿಯ ಮೇಲೆ ಸಿಟ್ಟಾಗುವುದು ಶೋಭೆಯಲ್ಲ ಎನ್ನುತ್ತಾಳೆ ಹೆಂಡತಿ. ಮನುಷ್ಯರ ಮೇಲೆ ಸಿಟ್ಟಾಗಿ ನೋಡಿದ್ದೇನೆ, ಉಪಯೋಗವಾಗಲಿಲ್ಲ.

ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಧಾರವಾಡದ ನಮ್ಮ ಮನೆಯಲ್ಲಿ ಅವ್ವ, ನಾನು, ಹೆಂಡತಿ, ಮಗಳು ಸುಶಿ, ಹೀಗೆ ನಾಲ್ಕು ತಲೆ. ನಾಲ್ಕೂ ತಲೆಯ ಸಕ್ಕರೆ ಸೇರುತ್ತಿದ್ದುದು ಸುಶಿಯ ಹೊಟ್ಟೆಗೆ. ನಾವು ಮೂವರು ಬೆಲ್ಲದ ಚಹಾ ಕುಡಿದು, ತ್ಯಾಗಿಗಳೆಂಬ ಹೆಮ್ಮೆಯಲ್ಲಿ ಓಡಾಡುತ್ತಿದ್ದೆವು. ಅತ್ತರೆ ಅವಳಿಗೆ ಸಕ್ಕರೆ, ಅಳು ನಿಲ್ಲಿಸಿದ್ದಕ್ಕೆ ಇನ್ನೊಂದು ಚಿಟಿಕೆ. ದುಂಡು ಮುಖವನ್ನು ಚಂದ್ರನಿಗೆ ಹೋಲಿಸಿದ ಕವಿಗಳದೂ ತಪ್ಪಿದೆ. ಚಂದ್ರ ತಿಂಗಳಿಗೊಮ್ಮೆಯಾದರೂ ಕರಗುತ್ತಾನೆಂಬುದನ್ನು ನಮ್ಮವರು ಗಮನಿಸಲೇ ಇಲ್ಲ.

ಇಷ್ಟು ಸಾಲದೆಂದು ಬಿಸ್ಕತ್ತಿನ ಕಂಪನಿಯೊಂದು ಹುಬ್ಬಳ್ಳಿಯಲ್ಲಿ ಸುದೃಢ ಮಕ್ಕಳ ಸ್ಪರ್ಧೆ ಇಟ್ಟಿತು. ಸುದೃಢತೆ ಅಳೆಯಲು ತಂದದ್ದು ಹತ್ತಿಯ ಮೂಟೆ ತೂಗುವ ಕಾಟಾ. ಮಕ್ಕಳನ್ನು ಒಬ್ಬೊಬ್ಬರಾಗಿ ಅದರ ಮೇಲೆ ನಿಲ್ಲಿಸಿದರು. ಆರು ವರ್ಷದ ಸುಶಿ ಗೆದ್ದಳು. ಬಹುಮಾನ, ಒಂದು ದೊಡ್ಡ ಡಬ್ಬಿ ಬಿಸ್ಕತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಅಲ್ಲಿ ತೆಗೆದ ಫೋಟೊಗೆ ಕಟ್ಟು ಹಾಕಿಸಿದವನೂ ನಾನೇ.

ಎರಡು ವರ್ಷದ ಮೇಲೆ ಒಂದು ಮುಂಜಾನೆ ಸುಶಿ ಶಾಲೆಗೆ ಹೋಗಲಾರೆನೆಂದು ಮೂಲೆ ಹಿಡಿದು ಕೂತಳು.

"ಖೊಖೊದಾಗ ನನ್ನ ಯಾರೂ ತೊಗೊಳ್ಳೂದಿಲ್ಲರಿ ಅಪ್ಪಾ. ಎಲ್ಲಾರ ಚಪ್ಪಲಿ ಕಾಯಾಕ ಕುಂದರಸ್ತಾರ," ಎಂದಳು.

ಆ ಮಾತು ಈಗಲೂ ನೋಯುತ್ತದೆ. ಡಾಕ್ಟರ ಹತ್ತಿರ ಕರೆದೊಯ್ದೆ. "ಸಕ್ಕರಿ ಬಂದ್ ಮಾಡ್ರಿ ಮಾಸ್ತರ, ಕೂಸಿನ್ನ ಓಡಾಕ ಬಿಡ್ರಿ," ಎಂದರು.

ಹೇಳುವುದು ಸುಲಭ. ನಮ್ಮ ಕಡೆ ಹೆರಿಗೆಯಾದರೆ ಸಕ್ಕರೆ, ಪಾಸಾದರೆ ಸಕ್ಕರೆ, ಸಿಹಿಸುದ್ದಿ ತಂದವರ ಬಾಯಿಗಂತೂ ಸಕ್ಕರೆ ಹಾಕಲೇಬೇಕು. ಮುಗದ ಹಳ್ಳಿಯಿಂದ ಬರುವ ಚಿಗವ್ವ ಪೇಢೆಯ ಪೊಟ್ಟಣವಿಲ್ಲದೆ ಹೊಸ್ತಿಲು ದಾಟಿದವಳಲ್ಲ. ಯಾರನ್ನೆಂದು ತಡೆಯಲಿ? ರೋಸಿಹೋಗಿ ಡಬ್ಬಿಯನ್ನು ಅಟ್ಟಕ್ಕೇರಿಸಿದೆ.

"ಡಾಕ್ಟರ್ನ ಮಕ್ಕಳು ಕಡ್ಡಿಯಂಗ ಅದಾವ. ಅಂಥವನ ಮಾತು ಕೇಳ್ತೀಯೇನು ತಮ್ಮಾ?" ಎಂದಳು ಅವ್ವ. ಆದರೂ ಸುಮ್ಮನಾದಳು. ಆ ಸುಮ್ಮನಿರುವಿಕೆಯ ಅರ್ಥ ತಿಳಿದದ್ದು ಅವಳ ಸೆರಗಿನ ಗಂಟಿಗೆ ಇರುವೆ ಮುತ್ತಿದ ದಿನ. ಸ್ವಂತ ತಾಯಿಯ ಸೆರಗು ಜಪ್ತಿ ಮಾಡಿದ ಮಗ ಧಾರವಾಡದಲ್ಲಿ ನಾನೊಬ್ಬನೇ ಇರಬೇಕು.

ನಮ್ಮೆಲ್ಲರಿಗಿಂತ ಸುಶಿಯೇ ಗಟ್ಟಿ. ದಿನಾ ಬೆಳಿಗ್ಗೆ ಕೆರೆಯತನಕ ಓಡಿದಳು. ಜೊತೆಗೆ ಹೊರಟ ನಾನು ಮೂರನೆಯ ದಿನಕ್ಕೇ ಕಟ್ಟೆಯ ಮೇಲೆ ಕೂತು ಹುರಿದುಂಬಿಸುವ ಕೆಲಸ ಹಿಡಿದೆ. ವರ್ಷ ಕಳೆದ ಮೇಲೆ ಒಂದು ಸಂಜೆ ಏದುಸಿರು ಬಿಡುತ್ತ ಬಂದು, "ಅಪ್ಪಾ, ನಾಳಿ ಆಟಕ್ಕ ನನ್ನ ತೊಗೊಂಡಾರ್ರಿ," ಎಂದಳು.

ಸಂತೋಷಕ್ಕೆ ನನಗೆ ಕಣ್ಣು ತುಂಬಿಬಂತು. ಸ್ಟೂಲು ಹತ್ತಿ, ಡಬ್ಬಿ ಇಳಿಸಿ, ಹಿಡಿ ಸಕ್ಕರೆ ತೆಗೆದು ಅವಳ ಬಾಯಿಗೇ ಹಿಡಿದೆ.

ಅವಳು ತುಟಿ ಬಿಗಿಹಿಡಿದು ನನ್ನನ್ನೇ ನೋಡಿದಳು. ಬಾಗಿಲಲ್ಲಿ ನಿಂತ ಅವ್ವನೂ ನೋಡಿದಳು. ಆಮೇಲೆ ಸುಶಿ ನನ್ನ ಕೈಯನ್ನು ಮೆಲ್ಲಗೆ ನನ್ನ ಬಾಯಿಯತ್ತಲೇ ತಿರುಗಿಸಿ, "ನೀವ ತಿನ್ರಿ ಅಪ್ಪಾ, ನಾಳಿ ನನಗ ಓಡೂದೈತಿ," ಎಂದಳು.

ತಿಂದೆ. ಅಷ್ಟು ವರ್ಷ ಬೆಲ್ಲದ ಚಹಾ ಕುಡಿದ ನಾಲಿಗೆಗೆ ಅದು ಬಹಳ ರುಚಿಯಾಗಿತ್ತು. ಮಗಳು ಬೇಡವೆಂದದ್ದನ್ನು ನನಗೆ ಬೇಡವೆನ್ನಲಾಗಲಿಲ್ಲ. ಡಬ್ಬಿಯ ಮೇಲೆ ನನಗೆ ಸಿಟ್ಟು ಅದಕ್ಕೇ.