ಕಾರಿಬ್ ದಂಡೆಯಲ್ಲಿ ಒಬ್ಬರಿಗೆ ಜಾಗ

ಇಲ್ಲಿ ಮೀನು ಲಾರಿಯಲ್ಲಿ ಬರುತ್ತದೆ.

ಸುಳ್ಳಲ್ಲ. ನ್ಯೂಜೆರ್ಸಿಗೆ ಬಂದ ವರ್ಷ, ಚಳಿ ಮುಗಿದ ಮೇಲೆ, ಭಾವ ನನ್ನನ್ನು ಒಂದು ಕೆರೆಗೆ ಕರೆದುಕೊಂಡು ಹೋದರು. ದಂಡೆಯ ಮೇಲೆ ಜನ ಗಾಳ ಹಿಡಿದು ಸಾಲಾಗಿ ನಿಂತಿದ್ದರು. ಸರ್ಕಾರದ ಲಾರಿ ಬಂತು. ಅದರ ಮೇಲೆ ನೀರಿನ ತೊಟ್ಟಿ. ಒಬ್ಬ ಉದ್ದ ಕೋಲಿನ ಬಲೆಯಲ್ಲಿ ಮೀನು ಮೊಗೆದು ಮೊಗೆದು ಕೆರೆಗೆ ಸುರಿದ. ಟ್ರೌಟ್ ಮೀನು, ಒಂದೊಂದು ಮೊಣಕೈ ಉದ್ದ.

"ನೋಡ್ಲಾ ಶಿವು, ಅಮೆರಿಕಾ ಅಂದ್ರೆ ಹಿಂಗೆ. ಮೀನೂ ಹೋಮ್ ಡೆಲಿವರಿ" ಅಂದರು ಭಾವ.

"ಹಂಗಾದ್ರೆ ಇವು ಈ ಕೆರೇಲಿ ಹುಟ್ಟಿದ್ದಲ್ವಾ?"

"ಈ ಊರಲ್ಲಿ ಯಾರ್ಲಾ ಹುಟ್ಟವ್ರೆ? ನೀನ್ ಹುಟ್ಟಿದ್ಯಾ, ನಾನ್ ಹುಟ್ಟಿದ್ನಾ?"

ಸುರಿದ ಮೀನು ಎಲ್ಲೂ ಹೋಗಲಿಲ್ಲ. ಬಿದ್ದ ಜಾಗದಲ್ಲೇ ಒಂದಕ್ಕೊಂದು ಒತ್ತಿಕೊಂಡು ನಿಂತವು. ನನಗೆ ನೋಡಲು ಆಗಲಿಲ್ಲ. ಕಾರಿಗೆ ಹೋಗಿ ಕೂತೆ.

ನಾವು ಕಬಿನಿ ಹಿನ್ನೀರಿನ ಕಡೆಯವರು. ಮೀನು ಹಿಡಿಯುವುದೇ ಮನೆತನದ ಕೆಲಸ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ತಮ್ಮ ಮಂಜ ಐದಕ್ಕೇ ಬಿಟ್ಟ. ಆಮೇಲೆ ನಾನು ಮೈಸೂರಿನ ಹೋಟೆಲಲ್ಲಿ ತಂದೂರಿ ಒಲೆ ಕಲಿತೆ. ಆ ಕೈಕೆಲಸದ ಮೇಲೆ ಐರ್ಲೆಂಡ್ ದೇಶಕ್ಕೆ ಹೋದೆ. ಅಲ್ಲಿ ಒಂದು ದೊಡ್ಡ ಕೆರೆಯ ಪಕ್ಕದ ಊರಿನಲ್ಲಿ ಇಂಡಿಯನ್ ಹೋಟೆಲು. ಎರಡು ವರ್ಷಕ್ಕೆ ಮಂಜನನ್ನೂ ಕರೆಸಿಕೊಂಡೆ.

ಅಲ್ಲಿಯವರು ಕೆರೆಗೆ 'ಲಾಖ್' ಅನ್ನುತ್ತಾರೆ, ಗಂಟಲಿನಿಂದ ಎಳೆದು. ನಮ್ಮದು ಲಾಖ್ ಕಾರಿಬ್. ಕೆರೆ ಅಂದರೆ ನಮ್ಮ ಊರ ಕೆರೆ ನೆನೆಸಿಕೊಳ್ಳಬೇಡಿ. ಮಂಜು ಕವಿದ ದಿನ ಆಚೆ ದಡ ಕಾಣುವುದಿಲ್ಲ. ನಡುವೆ ಸೊಂಟದ ಹಾಗೆ ಸಣ್ಣಗಾಗುತ್ತದೆ. ಸೊಂಟದ ಕೆಳಗಿನ ಭಾಗದಲ್ಲಿ ಆಳ ಕಡಿಮೆ, ತಳದಲ್ಲಿ ಸುಣ್ಣದ ಕಲ್ಲು, ನೀರು ಕನ್ನಡಿ. ಮೇಲಿನ ಭಾಗದಲ್ಲಿ ಆಳ, ಕಪ್ಪು ನೀರು, ಪಕ್ಕಕ್ಕೇ ಬೆಟ್ಟ. ದ್ವೀಪಗಳು ವರ್ಷದ ದಿನಕ್ಕೊಂದು ಇವೆ ಅನ್ನುತ್ತಾರೆ. ಎಣಿಸಿದವರು ಯಾರೂ ನನಗೆ ಸಿಗಲಿಲ್ಲ.

ಕಬಿನಿಯಲ್ಲಿ ನಾವು ತೆಪ್ಪದಲ್ಲಿ ಹೋಗಿ ಬಲೆ ಬಿಡುತ್ತೇವೆ, ಬೆಳಿಗ್ಗೆ ಎತ್ತುತ್ತೇವೆ, ಮಾರುತ್ತೇವೆ. ಅಲ್ಲಿ ಜನ ಮೀನು ಹಿಡಿಯುವುದು ಮಜಕ್ಕೆ. ಜರ್ಮನಿಯಿಂದ ಬಂದು ದೋಣಿ ಬಾಡಿಗೆ ಹಿಡಿಯುತ್ತಾರೆ. ಮಧ್ಯಾಹ್ನ ಯಾವುದೋ ದ್ವೀಪದಲ್ಲಿ ದೋಣಿ ಕಟ್ಟಿ, ಪುಳ್ಳೆ ಉರಿಸಿ, ಟೀ ಕಾಯಿಸಿ, ಬಂಡೆ ಮೇಲೆ ಕೂತು ಬ್ರೆಡ್ಡು ತಿನ್ನುತ್ತಾರೆ. ಹಿಡಿದದ್ದನ್ನು ಎಷ್ಟೋ ಸಲ ವಾಪಸ್ ಬಿಡುತ್ತಾರೆ. ಇದನ್ನು ನೋಡಿ ಮಂಜನಿಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಆ ದೋಣಿಗಳಲ್ಲಿ ಒಂದು ಮಾರ್ಟಿನ್‌ನದು. ಎಪ್ಪತ್ತು ದಾಟಿದ ಮುದುಕ, ಮದುವೆ ಇಲ್ಲ, ಒಬ್ಬನೇ. ಹೋಟೆಲಿಗೆ ಊಟಕ್ಕೆ ಬರುತ್ತಿದ್ದ. ಮಂಜನ ಇಂಗ್ಲಿಷು ಹತ್ತು ಮಾತು ದಾಟುತ್ತಿರಲಿಲ್ಲ, ಆದರೂ ಇಬ್ಬರಿಗೂ ಹೇಗೋ ಕುದುರಿತು. ರಜೆ ಸಿಕ್ಕರೆ ಮಂಜ ಅವನ ದೋಣಿಯಲ್ಲಿ. 'ತಾತ' ಅಂದರೆ ಓಗೊಡುವುದನ್ನು ಮುದುಕನಿಗೆ ಕಲಿಸಿದ. ಮುದುಕ ಸಣ್ಣ ಮೀನು ನೀರಿಗೆ ಬಿಟ್ಟರೆ, "ಅಯ್ಯೋ ತಾತ, ಕೈಗ್ ಬಂದಿದ್ದನ್ನ ಬುಟ್ಬುಡ್ತೀಯಲ್ಲೋ, ನಮ್ಮವ್ವ ನೋಡಿದ್ರೆ ಪೊರಕೆ ತಗಂಡ್ ಬತ್ತಾಳೆ" ಅಂತ ಕನ್ನಡದಲ್ಲೇ ಬಯ್ಯುತ್ತಿದ್ದ. ಮುದುಕ ನಗುತ್ತಿದ್ದ. ಗಾಳ ಬಿಡುವಾಗ ಇಬ್ಬರೂ ಸೇರಿ ಮೀನನ್ನು ಕರೆಯುತ್ತಿದ್ದರು, "ಬಾರೋ, ಬಾರೋ."

ಮೇ ತಿಂಗಳಲ್ಲಿ ಆ ಕೆರೆಯಿಂದ ಹುಳ ಏಳುತ್ತದೆ. ಅದಕ್ಕೆ 'ಮೇಫ್ಲೈ' ಅನ್ನುತ್ತಾರೆ. ನಮ್ಮ ಕಡೆ ಮಳೆ ಬಂದ ಸಂಜೆ ಈಸಲು ಹುಳ ಏಳುತ್ತದಲ್ಲ, ಹಾಗೆ. ಟ್ರೌಟ್ ಮೀನು ಅದನ್ನು ತಿನ್ನಲು ಮೇಲೆ ಬರುತ್ತದೆ. ಗಿಡದ ಮೇಲೆ ಕೂತ ಹುಳ ಬಿಡಿಸಿ ಪೆಟ್ಟಿಗೆಗೆ ತುಂಬಿಕೊಂಡು, ಜೀವಂತವಾಗಿಯೇ ಗಾಳಕ್ಕೆ ಸಿಕ್ಕಿಸಿ, ಉದ್ದ ಗಾಳದ ಕೋಲಿನಿಂದ ರೇಷ್ಮೆ ದಾರವನ್ನು ಗಾಳಿಗೆ ಬಿಡಬೇಕು. ಗಾಳಿಯೇ ಅದನ್ನು ನೀರಿನ ಮೇಲೆ ಕುಣಿಸುತ್ತದೆ. ದೋಣಿಯ ಮೋಟಾರು ಎತ್ತಿಟ್ಟು, ಅಡ್ಡಲಾಗಿ ಗಾಳಿ ಹೋದ ಕಡೆ ಹೋಗುವುದು. ಆ ಎರಡು ಮೂರು ವಾರ ಊರಲ್ಲಿ ಯಾರಿಗೂ ಕೆಲಸದ ಮೇಲೆ ಮನಸ್ಸು ಇರುವುದಿಲ್ಲ.

ಅಂಥ ಒಂದು ದಿನ ಗಾಳಿ ಜೋರಾಗಿ, ಮಾರ್ಟಿನ್, ಮಂಜ ಇದ್ದ ದೋಣಿಯಿಂದ ಒಂದು ಹುಟ್ಟು ಜಾರಿ ನೀರಿಗೆ ಬಿತ್ತು. ನಾನು ಹೋಟೆಲಲ್ಲಿದ್ದೆ. ಇದು ಮಾರ್ಟಿನ್ ಹೇಳಿದ್ದು. ಕಬಿನಿಯಲ್ಲಿ ಹುಟ್ಟು ಜಾರಿದರೆ ಯೋಚನೆ ಮಾಡುವುದಿಲ್ಲ, ಹಾರುತ್ತೇವೆ. ಹುಟ್ಟಿಲ್ಲದೆ ಮನೆಗೆ ಹೋದರೆ ಅಪ್ಪ ಬಿಡುತ್ತಿರಲಿಲ್ಲ. ಮಂಜ ಹಾರಿದ. ಮುಳುಗದಿರಲಿ ಅಂತ ಮಾರ್ಟಿನ್ ಕೊಟ್ಟಿದ್ದ ತೇಲುವ ಜಾಕೆಟ್ಟನ್ನು ಕೂರಲು ಮೆತ್ತೆ ಮಾಡಿಕೊಂಡಿದ್ದ.

ಮಂಜ ಈಜಿದ ಹಾಗೆ ಈಜುವವರು ನಮ್ಮ ಕಡೆ ಇರಲಿಲ್ಲ. ಆದರೆ ಅವನು ಈಜಿದ್ದೆಲ್ಲ ಬೆಚ್ಚಗಿನ ನೀರಲ್ಲಿ. ಆ ನೀರು ಬಿಸಿಲು ಬಿದ್ದರೂ ಐಸು. ಒಳಗೆ ಹೋದ ತಕ್ಷಣ ಎದೆ ಹಿಡಿದುಕೊಳ್ಳುತ್ತದೆ, ಉಸಿರು ಎಳೆದರೆ ನೀರೇ ಬರುತ್ತದೆ. ಹುಟ್ಟು ಅವನ ಕೈಗೆ ಸಿಕ್ಕಿತಂತೆ. ಎತ್ತಿ ತೋರಿಸಿದನಂತೆ, ನಗುತ್ತಾ. ಮಾರ್ಟಿನ್ ಮೋಟಾರು ಇಳಿಸಿ ಸ್ಟಾರ್ಟ್ ಮಾಡಲು ಹಗ್ಗ ಎಳೆಯುವಷ್ಟರಲ್ಲಿ ಹುಟ್ಟು ಮಾತ್ರ ತೇಲುತ್ತಿತ್ತು.

ಹುಡುಕಾಟ ಒಂದು ವಾರದ ಹತ್ತಿರ ನಡೆಯಿತು. ಅದು ವರ್ಷದ ಒಳ್ಳೇ ಮೀನಿನ ವಾರ. ಒಬ್ಬನೇ ಒಬ್ಬ ಗಾಳ ಹಾಕಲಿಲ್ಲ. ರೈತರು, ಮಾಂಸದ ಅಂಗಡಿಯವನು, ಸ್ಕೂಲ್ ಮೇಷ್ಟ್ರು, ಎಲ್ಲರ ದೋಣಿ ಸಾಲಾಗಿ ಕೆರೆ ಬಾಚಿದವು. ಹೆಂಗಸರು ಕಟ್ಟೆಯ ಮೇಲೆ ಟೀ, ಬ್ರೆಡ್ಡು ಇಟ್ಟುಕೊಂಡು ನಿಂತರು. ಹುಳ ಎದ್ದು ಎಲ್ಲರ ಟೋಪಿ, ಭುಜದ ಮೇಲೆ ಕೂರುತ್ತಿತ್ತು. ನಮ್ಮ ಕಡೆಯಾದರೆ ಎದೆ ಬಡಿದುಕೊಂಡು ಅಳುತ್ತಾರೆ. ಅಲ್ಲಿ ಒಬ್ಬೊಬ್ಬರೇ ಬಂದು ಕೈ ಹಿಡಿದು, "ನಿನ್ನ ಕಷ್ಟಕ್ಕೆ ಬೇಜಾರು" ಅಂದು ಹೋಗುತ್ತಾರೆ. ಅಷ್ಟೇ. ಆದರೆ ನಾಳೆ ಮತ್ತೆ ಬರುತ್ತಾರೆ.

ಸಿಕ್ಕಿದ. ಅವ್ವನಿಗೆ ಫೋನ್ ಮಾಡಿದೆ.

"ಪೆಟ್ಟಿಗೇಲಿ ಕಳಿಸ್ಬ್ಯಾಡ ಕಣಪ್ಪ, ನಾನ್ ನೋಡಕಿಲ್ಲ. ಅಲ್ಲೇ ಮಣ್ಣು ಮಾಡು. ಒಬ್ನೇ ಇರಂಗೆ ಮಾತ್ರ ಮಾಡ್ಬ್ಯಾಡ."

ಮಾರ್ಟಿನ್‌ನ ಅಪ್ಪ ಅಮ್ಮ ಕೆರೆದಂಡೆಯ ಸ್ಮಶಾನದಲ್ಲಿದ್ದಾರೆ. ಅಲ್ಲಿ ಒಂದು ಮನೆಯವರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡುತ್ತಾರೆ, ಅವರ ಗುಂಡಿಯಲ್ಲಿ ಇನ್ನಿಬ್ಬರಿಗೆ ಜಾಗವಿತ್ತು. ಒಂದನ್ನು ಮಂಜನಿಗೆ ಕೊಟ್ಟ. ಇನ್ನೊಂದು ಅವನದು.

ಆಮೇಲೆ ನನಗೆ ಆ ನೀರು ನೋಡಲು ಆಗಲಿಲ್ಲ. ಹೋಟೆಲಿನ ಕಿಟಕಿಯಲ್ಲೂ ಅದೇ, ರೂಮಿನ ಕಿಟಕಿಯಲ್ಲೂ ಅದೇ. ಅಕ್ಕ ಭಾವ ಇಲ್ಲಿಗೆ ಕರೆಸಿಕೊಂಡರು. ಈಗ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿದ್ದೇನೆ. ನೆಲದ ಕೆಳಗಿನ ಮನೆ, ಕಿಟಕಿ ತೆಗೆದರೆ ಹುಲ್ಲಿನ ಬೇರು ಕಾಣುತ್ತದೆ. ಕೆಲಸ ಅದೇ ತಂದೂರಿ. ರಾಗಿ ಹಿಟ್ಟು ಅಂಗಡಿಯಲ್ಲೇ ಸಿಗುತ್ತದೆ, ಐರ್ಲೆಂಡಿನಲ್ಲಿ ಅದಕ್ಕೆ ಎಷ್ಟು ಒದ್ದಾಡಿದ್ದೆವು. ಮೊದಲ ಸಲ ಮುದ್ದೆ ಕಟ್ಟಿದಾಗ ಎರಡು ಕಟ್ಟಿಬಿಟ್ಟೆ.

ಇಲ್ಲಿಯ ಕೆರೆಗೆ ಗೇಟಿದೆ, ಕತ್ತಲಾದರೆ ಬೀಗ. ಹೋದ ಬೇಸಿಗೆಯಲ್ಲಿ ಭಾವ ಅಲ್ಲಿ ದೋಣಿ ಬಾಡಿಗೆ ಹಿಡಿದರು. ಜಾಕೆಟ್ ಹಾಕಿಕೊಳ್ಳಲಿಲ್ಲ.

"ಹಾಕ್ಕಳಿ ಭಾವ."

"ಲೇ, ಇದು ಸೊಂಟ ಮಟ್ಟ ನೀರು ಕಣ್ಲಾ. ಬೆಸ್ತರ ಮನೆ ಹುಡ್ಗ ನೀನೇ ಹಿಂಗ್ ಹೆದರ್ಕಂಡ್ರೆ?"

ನಾನು ದೋಣಿಯ ಹಗ್ಗ ಹಿಡಿದು ದಡದಲ್ಲೇ ನಿಂತೆ, ಬಿಡಲಿಲ್ಲ. ಭಾವ ಬೈದರು, ಎಳೆದರು. ಆಮೇಲೆ ನನ್ನ ಮುಖ ನೋಡಿದರು. ಸುಮ್ಮನೆ ಜಾಕೆಟ್ ಹಾಕಿಕೊಂಡು, "ಬಾ, ಬಕಲ್ ನೀನೇ ಹಾಕು" ಅಂದರು. ಬಕಲ್ ಹಾಕಿ, ಪಟ್ಟಿ ಎಳೆದು ಎಳೆದು ನೋಡಿದೆ.

ಪ್ರತಿ ಮೇ ತಿಂಗಳು ಹುಳ ಎದ್ದ ದಿನ ಮಾರ್ಟಿನ್ ಫೋನ್ ಮಾಡುತ್ತಾನೆ. ಸಮಾಧಿಯ ಹತ್ತಿರ ಹೋಗಿ ಮಂಜನಿಗೂ ಹೇಳಿ ಬಂದೆ ಅನ್ನುತ್ತಾನೆ. "ಬಾರೋ" ಅಂದೆ ಅನ್ನುತ್ತಾನೆ. ನನ್ನ ಪೇಪರ್ ಕೆಲಸ ಇಲ್ಲಿ ಇನ್ನೂ ಮುಗಿದಿಲ್ಲ, ಮುಗಿಯುವವರೆಗೆ ಈ ದೇಶ ಬಿಟ್ಟು ಹೋಗುವ ಹಾಗಿಲ್ಲ. ಸಮಾಧಿ ನೋಡಲೂ ಆಗಿಲ್ಲ, ಅವ್ವನನ್ನು ನೋಡಲೂ ಆಗಿಲ್ಲ.

ಈ ಮೇ ತಿಂಗಳು ಫೋನಿನಲ್ಲಿ ಅವನ ಉಸಿರು ಎಳೆಯುತ್ತಿತ್ತು. ಹೃದಯ ಸರಿಯಿಲ್ಲ ಅಂದ. ಸತ್ತ ಮೇಲೆ ತನ್ನನ್ನು ಸುಟ್ಟು ಬೂದಿಯನ್ನು ಕೆರೆಗೆ ಬಿಡಲು ಹೇಳಿದ್ದಾನಂತೆ.

"ಮತ್ತೆ ನಿನ್ನ ಜಾಗ?" ಅಂದೆ.

"ಅದಕ್ಕೇ ಫೋನ್ ಮಾಡಿದ್ದು. ಅದು ನಿನಗೆ. ಅವಸರ ಇಲ್ಲ, ನೀನು ಮುದುಕನಾಗಿಯೇ ಬಾ. ನನ್ನ ಅಪ್ಪ ಅಮ್ಮ ಒಳ್ಳೆಯವರು, ಆದರೆ ಅವರಿಗೆ ಮಂಜನ ಭಾಷೆ ಬರುವುದಿಲ್ಲ."

ಅವನು ಫೋನ್ ಇಡಲಿಲ್ಲ. ಆ ಕಡೆ ಗಾಳಿ ಕೇಳಿಸುತ್ತಿತ್ತು.

ಊರಲ್ಲಿ ಅವ್ವ ನನಗೆ ಅಂತ ಮನೆಗೆ ಒಂದು ರೂಮು ಸೇರಿಸಿ ಕಟ್ಟಿಸುತ್ತಿದ್ದಾಳೆ, ಕಿಟಕಿ ನೀರಿನ ಕಡೆಗೆ. ಭಾವ ಇಲ್ಲೇ ಪಕ್ಕದ ಅಪಾರ್ಟ್‌ಮೆಂಟು ಖಾಲಿಯಾಗುತ್ತದೆ, ಹಿಡಿ ಅನ್ನುತ್ತಾರೆ.

"ಆ ಜಾಗ ಇಟ್ಟಿರು ತಾತ" ಅಂದೆ.

ಅವ್ವನಿಗೆ ಇನ್ನೂ ಹೇಳಿಲ್ಲ.