ಲಾರಿಯಡಿ ತುಂಡಾಗಿದ್ದ ಅರ್ತ್ ಪಟ್ಟಿ

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಲಾರಿಯ ಲೈಟು ಮಂಕಾಗತೊಡಗಿತು. ಮಂಜು ಕವಿದ ಬೆಳಿಗ್ಗೆಗಳಲ್ಲಿ ಎದುರಿನ ಗಾಡಿಯವರು ನಮ್ಮನ್ನು ತೀರಾ ಹತ್ತಿರ ಬಂದ ಮೇಲೆಯೇ ನೋಡುತ್ತಿದ್ದರು. ಅದರ ಹಿಂದೆಯೇ ಸ್ಟಾರ್ಟ್ ಆಗದ ಕಾಟ ಶುರುವಾಯಿತು. ಕೀ ತಿರುಗಿಸಿದರೆ ಒಳಗೆ ಟಕ್ ಎಂದು ಒಂದು ಸದ್ದು, ಅಷ್ಟೇ.

ಲಾರಿ ಮಾವನ ಕಾಲದ್ದು. ಕಟ್ಟಬೆಟ್ಟಿನ ಸುತ್ತಲಿನ ಮೂರು ಹಟ್ಟಿಗಳ ಸಣ್ಣ ತೋಟದವರ ಟೀ ಎಲೆಯನ್ನು ಫ್ಯಾಕ್ಟರಿಗೆ ಸಾಗಿಸುವುದು ಅದರ ಕೆಲಸ. ಮಾವ ತೀರಿಕೊಂಡ ಮೇಲೆ ಅದನ್ನೆಲ್ಲ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಗಂಡನಿಗೆ ವೆಲ್ಲಿಂಗ್ಟನ್‌ನಲ್ಲಿ ಆಫೀಸ್ ಕೆಲಸ. ಬೆಳಿಗ್ಗೆ ಬಸ್ ಹತ್ತಿದರೆ ಇಳಿಯುವುದು ಸಂಜೆಗೆ. ಲಾರಿ ಓಡಿಸುತ್ತಿದ್ದವರು ನಮ್ಮ ಹಟ್ಟಿಯವರೇ, ಅರವತ್ತು ದಾಟಿದವರು. ಮಾವನ ಕಾಲದಿಂದಲೂ ಅದೇ ಸೀಟಿನಲ್ಲಿ ಕೂತವರು. ನಾನು ಅಣ್ಣ ಎನ್ನುತ್ತಿದ್ದೆ. ನನಗೆ ಲಾರಿ ಓಡಿಸಲು ಕಲಿಸಿದ್ದೂ ಅವರೇ. "ನಾನು ಜ್ವರ ಬಂದು ಮಲಗಿದರೆ ಎಲೆ ಕೊಳೀಬೇಕಾ? ಹತ್ತು, ಕೂತ್ಕೋ" ಎಂದು ಹೇಳಿ ಬಲವಂತವಾಗಿ ಕೂರಿಸಿದ್ದರು.

ಎಲೆ ಕಾಯುವುದಿಲ್ಲ. ಬಲೆಚೀಲದಲ್ಲಿ ಒತ್ತಿ ತುಂಬಿದ ಎಲೆ ಎರಡು ಗಂಟೆ ಬಿಸಿಲಿನಲ್ಲಿ ನಿಂತರೆ ಒಳಗೇ ಕಾವು ಹತ್ತಿ ಕೆಂಪಾಗುತ್ತದೆ. ಹಾಗೆ ಒಂದು ದಿನ ಫ್ಯಾಕ್ಟರಿಯವರು ಅರ್ಧ ಲೋಡು ವಾಪಸು ಕಳಿಸಿದರು. ಬೆಳಗಿನಿಂದ ಬಗ್ಗಿ ಕಿತ್ತವರ ಎಲೆ ಅದು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಕೋತಗಿರಿಯಿಂದ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದೆ. ಅವನು ಹೊಸ ಬ್ಯಾಟರಿ ಹಾಕಿದ. ನಾಲ್ಕೇ ದಿನಕ್ಕೆ ಅದೂ ಸತ್ತಿತು. ಎರಡನೇ ಸಲ ಬಂದವನು, "ಬ್ಯಾಟರಿಯಲ್ಲಿ ದೋಷ ಇಲ್ಲಕ್ಕಾ. ಯಾರೋ ಲೈಟಿನ ಸ್ವಿಚ್ ಆಫ್ ಮಾಡದೆ ಇಳೀತಿದ್ದಾರೆ" ಎಂದ.

ಅಣ್ಣ ಒಪ್ಪಲಿಲ್ಲ. "ಬ್ಯಾಟರಿನೂ ಅಲ್ಲ, ಸ್ವಿಚ್ಚೂ ಅಲ್ಲ ತಂಗಿ. ಸ್ಟಾರ್ಟ್ ಹೊಡೆಯುವಾಗ ಸುಟ್ಟ ವಾಸನೆ ಬರುತ್ತೆ. ಇಂಜಿನ್ ನಿಲ್ಲಿಸೋ ಗುಂಡಿ ಎಳೆದರೆ ಬಿಗಿ. ಲಾರಿಯಡಿಗೆ ಇಳಿದು ಯಾರಾದರೂ ಸರಿಯಾಗಿ ನೋಡಬೇಕು" ಎಂದರು. ನಾನು ಹೂಂ ಎಂದೆ. ನೋಡಿಸಲಿಲ್ಲ. ವಯಸ್ಸಾದವರು ತಮ್ಮ ಮರೆವನ್ನು ಮುಚ್ಚಿಕೊಳ್ಳಲು ಏನೋ ಹೇಳುತ್ತಿದ್ದಾರೆ ಎಂದುಕೊಂಡೆ.

ಮುಂದಿನ ವಾರ ಎಲೆ ತೂಗುವ ಶೆಡ್ಡಿನ ಎದುರು ಲಾರಿ ಮತ್ತೆ ನಿಂತಿತು. ತೂಕಕ್ಕೆ ಕಾಯುತ್ತಿದ್ದವರು ಗೊಣಗಲು ಶುರು ಮಾಡಿದರು. ನನ್ನ ತಲೆ ಕೆಟ್ಟಿತ್ತು. ಎಲ್ಲರ ಎದುರೇ ಹೇಳಿಬಿಟ್ಟೆ: "ಅಣ್ಣ, ನಿಮಗೆ ವಯಸ್ಸಾಯಿತು. ಸ್ವಿಚ್ ಆರಿಸೋದು ಮರೀತೀರಿ. ಇಷ್ಟು ಜನಕ್ಕೆ ತೊಂದರೆ."

ಅವರು ಜನರನ್ನು ಕರೆದು ಲಾರಿ ತಳ್ಳಿಸಿದರು, ಇಳಿಜಾರಿನಲ್ಲಿ ಸ್ಟಾರ್ಟ್ ಮಾಡಿದರು, ಆ ದಿನದ ಲೋಡು ಮುಟ್ಟಿಸಿ ಬಂದರು. ಆಮೇಲೆ ಕೀಯನ್ನು ತೂಕದ ತಟ್ಟೆಯ ಮೇಲಿಟ್ಟು ಹೊರಟುಹೋದರು. ಮರುದಿನ ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ.

ನಾನೇ ಓಡಿಸಿದೆ. ಲಾರಿಯನ್ನು ಸದಾ ಇಳಿಜಾರಿನಲ್ಲಿ ನಿಲ್ಲಿಸುವುದು, ಉರುಳಿಸಿ ಸ್ಟಾರ್ಟ್ ಮಾಡುವುದು. ಬ್ಯಾಟರಿ ಆಗಲೂ ಇಳಿಯುತ್ತಿತ್ತು. ಸ್ವಿಚ್ಚನ್ನು ನಾನೇ ಎರಡೆರಡು ಸಲ ನೋಡಿ ಇಳಿಯುತ್ತಿದ್ದೆ. ಹಾಗಿದ್ದರೆ ಮರೆಯುತ್ತಿದ್ದವರು ಯಾರು ಎಂಬ ಪ್ರಶ್ನೆ ಮನಸ್ಸಿಗೆ ಬಂದಾಗಲೆಲ್ಲ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಹತ್ತನೆಯದೋ ಹನ್ನೊಂದನೆಯದೋ ದಿನ. ನೆರೆಮನೆಯ ಅಕ್ಕನಿಗೆ ಆಸ್ಪತ್ರೆಗೆ ಹೋಗಬೇಕಿತ್ತು, ನನ್ನ ಪಕ್ಕ ಹತ್ತಿ ಕೂತರು. ಶೆಡ್ಡಿನ ಮುಂದೆ ಯಾರದೋ ಜೀಪು ಅಡ್ಡ ನಿಂತಿದ್ದರಿಂದ ಲಾರಿ ಉರುಳಿಸಲು ಜಾಗವಿರಲಿಲ್ಲ. ಕೀ ತಿರುಗಿಸಿದೆ, ಬಿಟ್ಟೆ, ಮತ್ತೆ ತಿರುಗಿಸಿದೆ. ಏಳೆಂಟು ಸಲ ಆಗಿರಬೇಕು. "ಏನೋ ಸುಟ್ಟ ಹಾಗಿದೆ" ಎಂದರು ಅಕ್ಕ. ಅಷ್ಟರಲ್ಲಿ ಇಂಜಿನ್ ಹತ್ತಿಕೊಂಡಿತು. ಆರಿಸಿದರೆ ಮತ್ತೆ ಹತ್ತದು ಎಂಬ ಹೆದರಿಕೆಯಲ್ಲಿ ಹೊರಟೇಬಿಟ್ಟೆ.

ಮೊದಲ ದೊಡ್ಡ ತಿರುವಿಗೆ ಮುಂಚೆ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಇಂಜಿನ್ ಇಳಿಯಲಿಲ್ಲ. ಪೆಡಲು ಕೆಳಗೇ ಉಳಿದಿತ್ತು. ಕ್ಲಚ್ ಒತ್ತಿದರೆ ಇಂಜಿನ್ ಕಿವಿ ಹರಿಯುವ ಹಾಗೆ ಕೂಗಿತು. ನಿಲ್ಲಿಸುವ ಗುಂಡಿಯನ್ನು ಜಗ್ಗಿದೆ. ಕಲ್ಲಿನಲ್ಲಿ ನೆಟ್ಟ ಹಾಗೆ ಅಲುಗಲಿಲ್ಲ. ಎಡಗಡೆ ತಡೆಗೋಡೆ ಇಲ್ಲದ ಅಂಚು, ಅದರ ಕೆಳಗೆ ಟೀ ತೋಟ ಕಡಿದಾಗಿ ಇಳಿದಿತ್ತು. ಅಕ್ಕ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಆಗ ನೆನಪಾದದ್ದು ಅಣ್ಣ ಕಲಿಸುವಾಗ ಹೇಳಿದ್ದು: ಇಂಜಿನ್ ಮಾತು ಕೇಳದಿದ್ದರೆ ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಪೂರಾ ಒತ್ತಿ, ಕ್ಲಚ್ ಬಿಟ್ಟುಬಿಡು. ಹಾಗೇ ಮಾಡಿದೆ. ಲಾರಿ ಇಡೀ ನಡುಗಿತು. ಸ್ಟಿಯರಿಂಗನ್ನು ಬಲಕ್ಕೆ, ಗುಡ್ಡದ ಕಡೆಗೆ ಎಳೆದೆ. ಮುಂದಿನ ಚಕ್ರ ಚರಂಡಿಗೆ ಇಳಿದು, ಬಂಪರ್ ಮಣ್ಣಿಗೆ ಒತ್ತಿ, ಇಂಜಿನ್ ಕೆಮ್ಮಿ ಸತ್ತಿತು. ಅಕ್ಕನ ಹಣೆ ಮುಂದಿನ ಕಬ್ಬಿಣಕ್ಕೆ ಬಡಿದು ರಕ್ತ ಇಳಿಯುತ್ತಿತ್ತು. ಕೈಗೆ ಸಿಕ್ಕ ಬಟ್ಟೆಯನ್ನು ಗಾಯಕ್ಕೆ ಒತ್ತಿ ಹಿಡಿದೆ.

ಅಕ್ಕನನ್ನು ಹಿಂದೆ ಬಂದ ಕಾರಿನವರು ಆಸ್ಪತ್ರೆಗೆ ಕರೆದೊಯ್ದರು. ಕಟ್ಟಬೆಟ್ಟಿನಿಂದ ಬಂದ ಮೆಕ್ಯಾನಿಕ್ ಗೋಣಿಚೀಲ ಹಾಸಿ ಲಾರಿಯಡಿಗೆ ಹೋದರು. ಹೊರಬಂದಾಗ ಕೈಯಲ್ಲಿ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಒಂದು ಗೇಣು ಪಟ್ಟಿ ಇತ್ತು. ಹಸಿರು ಕಿಲುಬು ಹಿಡಿದು, ನಡುವೆ ತುಂಡಾಗಿತ್ತು.

"ಇದು ಅರ್ತ್ ಪಟ್ಟಿ. ಇಂಜಿನ್ ರಬ್ಬರ್ ಮೇಲೆ ಕೂತಿರುತ್ತೆ, ಕೆಳಗಿನ ಚಾಸಿ ಚೌಕಟ್ಟಿಗೆ ತಾಗಲ್ಲ. ಸ್ಟಾರ್ಟರಿಗೆ ಹೋದ ಕರೆಂಟು ಇದರ ಮೂಲಕವೇ ಬ್ಯಾಟರಿಗೆ ವಾಪಸು ಬರಬೇಕು. ಇದು ಕಡಿದರೆ ಅದು ಬೇರೆ ದಾರಿ ಹುಡುಕುತ್ತೆ. ನಿಮ್ಮ ಆಕ್ಸಿಲರೇಟರ್ ಕೇಬಲ್ಲು, ಸ್ಟಾಪ್ ಕೇಬಲ್ಲು, ಎರಡರಲ್ಲೂ ಹರಿದಿದೆ. ಕಾದು ಒಳಗೇ ಕರಗಿ ಅಂಟಿಕೊಂಡಿವೆ."

"ಬ್ಯಾಟರಿ ಇಳಿಯುತ್ತಿದ್ದದ್ದೂ ಇದಕ್ಕೇನಾ?"

"ಇದಕ್ಕೇ. ಸರಿಯಾಗಿ ಚಾರ್ಜೇ ಆಗಿಲ್ಲ. ಮೊದಲು ಓಡಿಸ್ತಿದ್ದವರಿಗೆ ಸುಟ್ಟ ವಾಸನೆ ಗೊತ್ತಾಗಲಿಲ್ಲವಾ?"

"ಗೊತ್ತಾಗಿತ್ತು" ಎಂದೆ. "ಹೇಳಿದ್ದರು."

ಮೆಕ್ಯಾನಿಕ್ ಎರಡು ಕೇಬಲ್ ಬದಲಾಯಿಸಿದರು, ತುಕ್ಕು ಉಜ್ಜಿ ಹೊಸ ಪಟ್ಟಿ ಬಿಗಿದರು. ಕೀಯ ಒಂದೇ ತಿರುವಿಗೆ ಇಂಜಿನ್ ಹತ್ತಿಕೊಂಡಿತು. ನನಗೆ ಖುಷಿಯಾಗಲಿಲ್ಲ.

ಅಂದು ಸಂಜೆಯೇ ಅಣ್ಣನ ಮನೆಗೆ ಹೋದೆ. ಮನೆಯ ಪಕ್ಕದ ಕ್ಯಾರೆಟ್ ಪಾತಿಯಲ್ಲಿ ಕಳೆ ಕೀಳುತ್ತಿದ್ದರು. ನಡೆದದ್ದನ್ನು ನಿಂತೇ ಹೇಳಿದೆ. ಪೂರ್ತಿ ಕೇಳಿ, ಮೊದಲು ವಿಚಾರಿಸಿದ್ದು ಅಕ್ಕನ ಹಣೆಯ ಗಾಯವನ್ನು.

"ನಾಲ್ಕು ಹೊಲಿಗೆ ಬಿತ್ತು. ಮನೆಗೆ ಬಂದಿದ್ದಾರೆ. ತಪ್ಪು ನನ್ನದು ಅಣ್ಣ. ನಾಳೆಯಿಂದ ಬನ್ನಿ."

ಅವರು ಕೈಯ ಮಣ್ಣು ಒರೆಸಿಕೊಂಡರು. "ನೀನು ತಪ್ಪು ತಿಳ್ಕೊಂಡೆ ಅಂತ ನನಗೆ ಬೇಜಾರಿಲ್ಲ. ನನಗೂ ಏನು ಕೆಟ್ಟಿದೆ ಅಂತ ಗೊತ್ತಿರಲಿಲ್ಲ. ಆದರೆ ಅಷ್ಟು ಜನರ ಮುಂದೆ ಅಂದೆಯಲ್ಲ. ಆಮೇಲೆ ಎರಡು ದಿನ ನಾನು ಮನೆಯ ಗ್ಯಾಸು ಆರಿಸಿದ್ದೀನೋ ಇಲ್ಲವೋ ಅಂತ ಎದ್ದೆದ್ದು ನೋಡಿದೆ. ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು."

ಅವರ ಹೆಂಡತಿ ತಂದ ಕಾಫಿ ಕುಡಿದು ಬಂದೆ.

ಮರುದಿನ ಶೆಡ್ಡಿನಲ್ಲಿ ತೂಕ ನಿಲ್ಲಿಸಿ, ತುಂಡಾದ ಪಟ್ಟಿಯನ್ನು ಎಲ್ಲರಿಗೂ ತೋರಿಸಿ, ಅಣ್ಣ ಏನನ್ನೂ ಮರೆತಿರಲಿಲ್ಲ, ನಾನೇ ಕೇಳಲಿಲ್ಲ ಎಂದು ಹೇಳಿದೆ. ಕೆಲವರು ತಲೆಯಾಡಿಸಿದರು. ಒಬ್ಬರು, "ಸರಿ, ತೂಗಮ್ಮ, ಬಿಸಿಲೇರುತ್ತಿದೆ" ಎಂದರು.

ಅಣ್ಣ ಮತ್ತೆ ಲಾರಿ ಹತ್ತಲಿಲ್ಲ. ಎರಡು ಸಲ ಹೋಗಿ ಕರೆದೆ, ಗಂಡನೂ ಹೋಗಿ ಕೇಳಿದ. "ಸಾಕಾಯಿತು" ಎಂದರಂತೆ, ಕೋಪವಿಲ್ಲದೆ. ಈಗ ಅವರ ತೋಟದ ಎಲೆಯನ್ನು ಅವರೇ ಹೊತ್ತು ತರುತ್ತಾರೆ. ನನ್ನ ಮಗಳ ಓದಿನ ಬಗ್ಗೆ ಕೇಳುತ್ತಾರೆ, ಅತ್ತೆಯ ಮಂಡಿನೋವು ಹೇಗಿದೆ ಎನ್ನುತ್ತಾರೆ. ಲಾರಿಯ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಮೊನ್ನೆ ಜಡಿಮಳೆಯಲ್ಲಿ ಖಾಲಿ ಚೀಲವನ್ನು ತಲೆಗೆ ಹಾಕಿಕೊಂಡು ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ಲಾರಿ ನಿಲ್ಲಿಸಿ, "ಹತ್ತಿ ಅಣ್ಣ" ಎಂದೆ. "ಇಲ್ಲೇ ಅಲ್ವಾ ಮನೆ, ನಡೀತೀನಿ. ನೀನು ಹೋಗು, ಎಲೆ ನೆನೆಯುತ್ತೆ" ಎಂದರು. ಮನೆ ಅಲ್ಲಿಂದ ಒಂದೂವರೆ ಮೈಲಿ. ನಾನು ಗೇರ್ ಹಾಕಿ ಹೊರಟೆ.