ಅಪ್ಪ ಕಟ್ಟಿಗೆ ಒಲೆ ಒಡೆದ ದಿನ

ನಾನು ಚಿಕ್ಕವಳಿದ್ದಾಗ ನನಗೆ ದಿನಾ ಬೆಳಿಗ್ಗೆ ಎಚ್ಚರವಾಗುತ್ತಿದ್ದುದು ಅಕ್ಕನ ಕೆಮ್ಮಿನ ಸದ್ದಿಗೆ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ ಇತ್ತು. ಮುಂದಿನ ಪಡಸಾಲೆಯಲ್ಲಿ ನಾಲ್ಕು ಬೆಂಚು, ಹಿಂದೆ ಅಡುಗೆಮನೆ. ಅದರ ಪಕ್ಕದ ಒಂದೇ ಕೋಣೆಯಲ್ಲಿ ನಾವು ಮೂವರು: ಅಪ್ಪ, ಅಕ್ಕ ಮತ್ತು ನಾನು. ನನಗೆ ಆರು ವರ್ಷವಿದ್ದಾಗ ಅವ್ವ ಜ್ವರ ಬಂದು ತೀರಿಕೊಂಡಿದ್ದಳು. ಮೂರು ದಿನ ಖಾನಾವಳಿ ಮುಚ್ಚಿತ್ತು. ನಾಲ್ಕನೆಯ ದಿನ ಅವ್ವ ಕೂರುತ್ತಿದ್ದ ಮಣೆಯ ಮೇಲೆ ಅಕ್ಕ ಕೂತು ರೊಟ್ಟಿ ಬಡಿಯಲು ಶುರುಮಾಡಿದಳು. ಆಗ ಅವಳಿಗೆ ಹದಿನೈದು ವರ್ಷ.

ಅಡುಗೆಮನೆಯ ಒಲೆಯನ್ನು ಅವ್ವನೇ ಕಟ್ಟಿದ್ದಳು. ಕೆಂಪು ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಬೆರೆಸಿ, ಕಾಲಲ್ಲಿ ತುಳಿದು ಹದಮಾಡಿ, ಎರಡು ಬಾಯಿಯ ದೊಡ್ಡ ಒಲೆ ಮಾಡಿದ್ದಳು. ಒಂದರ ಮೇಲೆ ರೊಟ್ಟಿಯ ಹಂಚು, ಇನ್ನೊಂದರ ಮೇಲೆ ಬೇಳೆಯ ಪಾತ್ರೆ. ಒಲೆಯ ಅಂಚಿನಲ್ಲಿ ಅವಳು ಬೆರಳಿನಿಂದ ಎಳೆದ ಗೆರೆಗಳು ಹಾಗೆಯೇ ಉಳಿದಿದ್ದವು. ಅಮಾವಾಸ್ಯೆಗೊಮ್ಮೆ ಸಗಣಿ ಸಾರಿಸುವಾಗ ಅಕ್ಕ ಆ ಗೆರೆಗಳ ಮೇಲೇ ಬೆರಳಿಟ್ಟು ಮತ್ತೆ ಎಳೆಯುತ್ತಿದ್ದಳು.

ಕಟ್ಟಿಗೆ ಸಂಡೂರಿನ ಗುಡ್ಡದ ಕಡೆಯಿಂದ ಬರುತ್ತಿತ್ತು. ಬೇಸಿಗೆಯಲ್ಲಿ ಒಣ ಕಟ್ಟಿಗೆ ಚಟಚಟನೆ ಉರಿದರೆ ಅಷ್ಟು ಕಷ್ಟವಿರಲಿಲ್ಲ. ಮಳೆ ಹಿಡಿಯಿತೆಂದರೆ ಹಸಿ ಕಟ್ಟಿಗೆ ಉರಿಯುವ ಬದಲು ಅಳುತ್ತಿತ್ತು. ತುದಿಯಲ್ಲಿ ನೊರೆ ಬರುತ್ತಿತ್ತು, ಒಳಗೆಲ್ಲ ಹೊಗೆ. ಅಕ್ಕ ಊದುಗೊಳವೆಯಲ್ಲಿ ಊದುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಊದುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೂರು ರೊಟ್ಟಿಯಾಗಬೇಕು. ಅದಿರಿನ ಲಾರಿಯ ಡ್ರೈವರುಗಳು ಕೆಂಪು ಧೂಳಿನಲ್ಲಿ ಮುಳುಗಿ ಎದ್ದವರಂತೆ ಬಂದು ಕೂರುತ್ತಿದ್ದರು. ಅಕ್ಕನ ಕಣ್ಣುಗಳು ಅವರ ಅಂಗಿಗಳಿಗಿಂತ ಕೆಂಪಗಿರುತ್ತಿದ್ದವು.

ಅವ್ವ ತೀರಿಕೊಂಡ ಮೂರನೆಯ ವರ್ಷ ಶ್ರಾವಣದಲ್ಲಿ ಅಕ್ಕನ ಕೆಮ್ಮು ನಿಲ್ಲಲೇ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಯ ಡಾಕ್ಟರು ಅವಳ ಬೆನ್ನಿಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿ, “ನಾ ಔಷಧ ಕೊಡ್ತೀನ್ರಿ. ಆದ್ರ ಹೊಗಿ ಬಿಡಸ್ರಿ ಮೊದ್ಲು. ಇಲ್ಲಂದ್ರ ಔಷಧ ಕೊಟ್ಟು ಉಪಯೋಗಿಲ್ಲ,” ಎಂದರು.

ಹೊಗೆ ಬಿಡಿಸುವುದೆಂದರೆ ಒಲೆಯ ಹೊಟ್ಟೆಗೆ ಬೇರೆ ಏನಾದರೂ ಹಾಕಬೇಕು. ಏನು ಹಾಕುವುದು? ರೇಷನ್ ಸೀಮೆಎಣ್ಣೆ ಮನೆಯ ದೀಪಕ್ಕೇ ಸಾಲುತ್ತಿರಲಿಲ್ಲ. ಇದ್ದಿಲಿನಲ್ಲಿ ಚಹಾ ಕಾಯಿಸಬಹುದು, ನೂರು ರೊಟ್ಟಿ ಬೇಯಿಸಲಾಗದು. ಗ್ಯಾಸಿಗೆ ಅಪ್ಪ ಹೆಸರು ಬರೆಸಿ ಬಂದಿದ್ದ. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ ಎಂದು ಅಲ್ಲಿಯವರು ಮುಖ ನೋಡದೆ ಹೇಳಿ ಕಳಿಸಿದ್ದರು. ಕೊನೆಗೆ ಯಾರೋ ಡ್ರೈವರು ಹೊಟ್ಟಿನ ಒಲೆಯ ಮಾತು ತೆಗೆದ. ಕಂಪ್ಲಿಯ ರೈಸ್ ಮಿಲ್ಲುಗಳ ಹಿಂದೆ ಭತ್ತದ ಹೊಟ್ಟು ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ, ಒಯ್ಯುತ್ತೇನೆಂದರೆ ಮಿಲ್ಲಿನವರು ಸಂತೋಷದಿಂದ ಕೊಡುತ್ತಾರೆ ಎಂದ. ಮರುದಿನವೇ ಅಪ್ಪ ಕಂಪ್ಲಿಗೆ ಹೋದ. ಸಂಜೆ ಲಾರಿಯ ಮೇಲೆ ನಾಲ್ಕು ಚೀಲ ಹೊಟ್ಟು ಹೇರಿಕೊಂಡು, ತುಂತುರು ಮಳೆಯಲ್ಲಿ ನೆನೆಯುತ್ತ ಬಂದ. ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ತಗಡಿನ ಡ್ರಮ್ಮನ್ನು ಅರ್ಧಕ್ಕೆ ಕೊಯ್ಯಿಸಿ, ತಳದ ಬದಿಯಲ್ಲಿ ಮುಷ್ಟಿಗಾತ್ರದ ತೂತು ಮಾಡಿಸಿ ತಂದ. ಅದೇ ಹೊಸ ಒಲೆ.

ನಾನು ಹೇಳಬೇಕೆಂದಿರುವ ದಿನ ಅದರ ಮರುದಿನ.

ಬೆಳಿಗ್ಗೆ ಅಪ್ಪ ಮಿಲ್ಲಿನವರು ಹೇಳಿಕೊಟ್ಟಂತೆ ಡ್ರಮ್ಮಿನ ನಡುವೆ ಒಂದು ದುಂಡು ಕಟ್ಟಿಗೆ ನಿಲ್ಲಿಸಿ, ಬದಿಯ ತೂತಿನಿಂದ ಇನ್ನೊಂದನ್ನು ತೂರಿಸಿ, ಸುತ್ತಲೂ ಹೊಟ್ಟು ಸುರಿದ. ಅಂಗೈಯಿಂದ ಒತ್ತಿದ. ಎರಡೂ ಕಟ್ಟಿಗೆಗಳನ್ನು ಎಳೆದು ತೆಗೆದಾಗ ಹೊಟ್ಟಿನೊಳಗೆ ಒಂದು ಸುರಂಗ ಉಳಿಯಿತು. ಕೆಳಗಿನ ತೂತಿನಲ್ಲಿ ಬೆಂಕಿ ಇಟ್ಟರೆ ಗಾಳಿ ಎಳೆದುಕೊಂಡು ಮೇಲಿನ ಬಾಯಲ್ಲಿ ಉರಿ ಬರಬೇಕು. ನಮಗೆ ಬಂದದ್ದು ಹಳದಿ ಹೊಗೆ. ಅಪ್ಪ ಎಲ್ಲ ಸುರಿದು ಮತ್ತೆ ತುಂಬಿದ. ಎರಡನೆಯ ಸಲ ಉರಿ ಬಂತು. ಅಕ್ಕ ಹಂಚಿಟ್ಟಳು, ಹತ್ತು ಹನ್ನೆರಡು ರೊಟ್ಟಿಯೂ ಆಯಿತು. ಅಪ್ಪನ ಮುಖದಲ್ಲಿ ನಗು ಕಾಣಿಸಿಕೊಳ್ಳುವಷ್ಟರಲ್ಲಿ ಒಳಗೆ ‘ಧುಸ್’ ಎಂದು ಸದ್ದಾಯಿತು. ಹೊಟ್ಟಿನ ಗೋಡೆ ಕುಸಿದು ಸುರಂಗ ಮುಚ್ಚಿಹೋಗಿತ್ತು.

ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬೆಂಚುಗಳು ತುಂಬಿದ್ದವು. “ರೊಟ್ಟಿ ಏನಾತ್ರೀ? ಜಲ್ದಿ ಕೊಡ್ರಿ, ಲೋಡ್ ನಿಂತೈತಿ,” ಎಂದು ಡ್ರೈವರೊಬ್ಬ ಕೂಗಿದ. ಅಪ್ಪ ಬೆವರು ಒರೆಸಿಕೊಂಡು ಹಳೆಯ ಒಲೆಯ ಕಡೆ ನೋಡಿದ. ಅಕ್ಕ ಎದ್ದು ಹೋಗಿ ಅದರ ಮುಂದೆ ಕೂತಳು. ಅಪ್ಪನೇ ಹಸಿ ಕಟ್ಟಿಗೆ ತಂದು ತುರುಕಿದ. ಅಕ್ಕ ಊದಿದಳು. ಹೊಗೆ ಎದ್ದು ಮಾಡಿನ ಕೆಳಗೆ ತುಂಬಿಕೊಂಡಿತು. ಅವಳು ಒಂದು ಸಲ ಕೆಮ್ಮಿದಳು, ಇನ್ನೊಂದು ಸಲ ಕೆಮ್ಮಿದಳು, ಆಮೇಲೆ ಕೆಮ್ಮು ನಿಲ್ಲಿಸಲಾಗದೆ ಮಣೆಯಿಂದ ಪಕ್ಕಕ್ಕೆ ವಾಲಿ ನೆಲಕ್ಕೆ ಕೈಯೂರಿದಳು. ಉಸಿರು ಎಳೆದುಕೊಳ್ಳಲು ಬಾಯಿ ತೆರೆದಿದ್ದಳು, ಆದರೆ ಉಸಿರು ಒಳಗೆ ಹೋಗುತ್ತಿರಲಿಲ್ಲ. ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದೆ. ಇವತ್ತಿಗೂ ಮರೆತಿಲ್ಲ.

ಅಪ್ಪ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದ. ಬಾವಿಕಟ್ಟೆಗೆ ಒರಗಿಸಿ, ಮುಖಕ್ಕೆ ನೀರು ಚಿಮುಕಿಸಿ ಬೆನ್ನು ನೀವಿದ. ನಾನು ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಕೈ ತಣ್ಣಗಿತ್ತು, ಜೋಳದ ಹಿಟ್ಟು ಅಂಟಿಕೊಂಡಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳ ಎದೆ ದೊಡ್ಡದಾಗಿ ಒಮ್ಮೆ ಏರಿ ಇಳಿಯಿತು. ಅಪ್ಪ ಎದ್ದು ಪಡಸಾಲೆಗೆ ಹೋಗಿ ಕೈಮುಗಿದ. “ಇವತ್ತ ಊಟ ಇಲ್ರಿ. ತಪ್ಪು ತಿಳಕೋಬ್ಯಾಡ್ರಿ.” ಜನ ಗೊಣಗಲಿಲ್ಲ. ಒಳಗಿನ ಕೆಮ್ಮು ಅವರಿಗೂ ಕೇಳಿಸಿತ್ತು. ಒಬ್ಬೊಬ್ಬರೇ ಎದ್ದು ಹೋದರು.

ಆಮೇಲೆ ಅಪ್ಪ ಒಂದು ಕೊಡ ನೀರು ತಂದು ಉರಿಯುತ್ತಿದ್ದ ಒಲೆಗೆ ಸುರಿದ. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡ. ಸದ್ದು ಕೇಳಿ ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. “ಅಪ್ಪಾ, ಬ್ಯಾಡ. ಅದು ಅವ್ವ ಕಟ್ಟಿದ್ದು,” ಎಂದಳು. ದನಿಯೇ ಹೊರಡುತ್ತಿರಲಿಲ್ಲ.

ಅಪ್ಪ ಅವಳ ಕಡೆ ತಿರುಗಲಿಲ್ಲ. “ಅವ್ವ ಇದ್ದಿದ್ರ ತಾನ ಒಡೀತಿದ್ಲು, ಯವ್ವಾ,” ಎಂದ.

ಹಾರೆ ಬಿತ್ತು. ಒಣಗಿ ಕಲ್ಲಾಗಿದ್ದ ಮಣ್ಣು ಸುಲಭಕ್ಕೆ ಬಿಡಲಿಲ್ಲ. ಅಪ್ಪ ಬಹಳ ದಣಿದಿದ್ದ. ಎರಡು ಏಟಿಗೊಮ್ಮೆ ಹಾರೆಗೆ ಒರಗಿ ನಿಲ್ಲುತ್ತಿದ್ದ. ಒಲೆ ಪೂರ್ತಿ ಒಡೆಯುವ ಹೊತ್ತಿಗೆ ಅವನ ಮೈಯೆಲ್ಲ ಮಸಿ, ಕೆನ್ನೆಯ ಮೇಲೆ ಮಾತ್ರ ಎರಡು ಗೆರೆ ಬೆಳ್ಳಗಿದ್ದವು. ಅಪ್ಪ ಅತ್ತದ್ದನ್ನು ನಾನು ಅವ್ವ ಸತ್ತಾಗಲೂ ನೋಡಿರಲಿಲ್ಲ. ನಾವು ಮೂವರೂ ಆ ಹೆಂಟೆಗಳ ನಡುವೆ ಕೂತೆವು. ಹಳೆಯ ಒಲೆ ಇಲ್ಲ, ಹೊಸದು ಉರಿಯುವುದಿಲ್ಲ. ಏಳಲೂ ತ್ರಾಣವಿರಲಿಲ್ಲ.

ಹಾಗೆ ಕೂತಿದ್ದಾಗ ಹಿತ್ತಲ ಬಾಗಿಲಲ್ಲಿ ಸೊಪ್ಪಿನ ಅಜ್ಜಿ ನಿಂತಳು. ಕಂಪ್ಲಿ ಕಡೆಯ ಹಳ್ಳಿಯವಳು. ದಿನಾ ಬಸ್ಸಿನಲ್ಲಿ ಬಂದು ಸೊಪ್ಪು ಮಾರಿ, ಉಳಿದ ಎರಡು ಕಟ್ಟನ್ನು ನಮಗೆ ಕೊಟ್ಟು, ಊಟ ಮಾಡಿ ಊರಿಗೆ ಮರಳುತ್ತಿದ್ದಳು. ಒಡೆದ ಒಲೆ ನೋಡಿದಳು, ಅಕ್ಕನ ಮುಖ ನೋಡಿದಳು, ಡ್ರಮ್ಮಿನೊಳಗೆ ಬಗ್ಗಿ ನೋಡಿದಳು. ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿಯಲ್ಲಿ ಹಿಚುಕಿದಳು.

“ಇದು ಒದ್ದಿ ಐತಲ್ಲೋ ತಮ್ಮಾ. ಮ್ಯಾಲಿನ ಚೀಲ ತಗದೀಯೇನು? ಮಳಿ ಬಡದೈತಿ ಇದಕ್ಕ. ಮತ್ತ ಹಿಂಗ ಮೆತ್ತಗ ತುಂಬಿದ್ರ ನಿಲ್ತೈತೇನು? ಹೊಟ್ಟಿಗೆ ಕರುಣಿ ತೋರಿಸಬಾರ್ದು, ತುಳೀಬೇಕು!”

ಅವಳ ಮನೆಯಲ್ಲಿ ಹೊಟ್ಟಿನ ಒಲೆ ಬಿಟ್ಟು ಬೇರೆ ಒಲೆಯೇ ಇರಲಿಲ್ಲವಂತೆ. ಬುಟ್ಟಿ ಕೆಳಗಿಟ್ಟು ಸೀರೆ ಎತ್ತಿ ಕಟ್ಟಿದಳು. ಅಡಿಯಲ್ಲಿದ್ದ ಒಣ ಚೀಲ ತರಿಸಿದಳು. ಒಂದು ಗೇಣು ಹೊಟ್ಟು ಹಾಕಿ, ಒನಕೆಯ ತುದಿಯಿಂದ ಸುತ್ತಲೂ ಬಡಿದಳು. ಮತ್ತೊಂದು ಗೇಣು ಹಾಕಿದಳು, ಮತ್ತೆ ಬಡಿದಳು. ಅಕ್ಕನನ್ನು ಹತ್ತಿರ ಕರೆದು, “ನೀ ನೋಡ್ಕೋ ಮಗಳಾ, ಒಲಿ ಮುಂದ ಕುಂದ್ರಾಕಿ ನೀನು. ನಿಮ್ಮಪ್ಪ ಅಲ್ಲ,” ಎಂದಳು. ಕಟ್ಟಿಗೆಯನ್ನು ಜಗ್ಗದೆ, ತಿರುವುತ್ತ ತಿರುವುತ್ತ ನಿಧಾನವಾಗಿ ಹೊರಗೆ ತೆಗೆದಳು. ಸುರಂಗದ ಗೋಡೆ ನುಣ್ಣಗೆ ನಿಂತಿತು. ಕೊನೆಗೆ ಅವಳು ತಳದಲ್ಲಿ ಚಿಂದಿಗೆ ಬೆಂಕಿ ಹಚ್ಚಿ ಇಟ್ಟಳು. ಮೊದಲು ಸ್ವಲ್ಪ ಹೊಗೆ ಬಂತು. ನಾನು ಅಕ್ಕನ ಮೂಗಿಗೆ ನನ್ನ ಲಂಗದ ತುದಿ ಹಿಡಿದೆ. ಆಮೇಲೆ ‘ಗುಂ’ ಎಂದು ಸಣ್ಣ ಸದ್ದಿನೊಂದಿಗೆ ಉರಿ ಮೇಲೆದ್ದು, ಅಲುಗಾಡದೆ ನಿಂತಿತು. ಹೊಗೆ ಇರಲಿಲ್ಲ.

ಸಂಜೆ ಅಕ್ಕ ಐದೇ ಐದು ರೊಟ್ಟಿ ಮಾಡಿದಳು. ನಮಗೆ ಮೂರು, ಅಜ್ಜಿಗೆ ಎರಡು. ಊದುವ ಕೆಲಸವಿಲ್ಲದ್ದರಿಂದ ಅವಳು ನಡುನಡುವೆ ಸುಮ್ಮನೆ ಕೂರುತ್ತಿದ್ದಳು. ಸುಮ್ಮನೆ ಕೂತ ಅಕ್ಕನನ್ನು ನೋಡಿ ನನಗೆ ವಿಚಿತ್ರವೆನಿಸಿತು. ರೊಟ್ಟಿ ಒಂದು ಕಡೆ ಸ್ವಲ್ಪ ಸೀದಿತ್ತು. ಅಪ್ಪ ತಿನ್ನುತ್ತ ತಿನ್ನುತ್ತ ಗೋಡೆಗೆ ಒರಗಿ ನಿದ್ದೆಹೋದ. ಕೈಯಲ್ಲಿ ತುತ್ತು ಹಾಗೇ ಇತ್ತು.

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ಮೊಮ್ಮಕ್ಕಳೇ. ಹೊಟ್ಟು ತುಂಬುವುದೂ ಬೆನ್ನು ಮುರಿಯುವ ಕೆಲಸವೇ. ಎರಡು ತಾಸಿಗೊಮ್ಮೆ ಡ್ರಮ್ ಖಾಲಿ ಮಾಡಬೇಕು, ಬಡಿಯಬೇಕು, ತುಂಬಬೇಕು. ಬೂದಿ ಅನ್ನದಲ್ಲಿ, ಹಾಸಿಗೆಯಲ್ಲಿ, ನನ್ನ ಶಾಲೆಯ ಪಾಟಿಯ ಮೇಲೆ ಎಲ್ಲ ಕಡೆ ಇರುತ್ತಿತ್ತು. ಅಪ್ಪ ವಾರಕ್ಕೊಮ್ಮೆ ಕಂಪ್ಲಿಗೆ ಹೋಗಿ ಚೀಲ ಹೊತ್ತು ತರುತ್ತಿದ್ದ. ಆರು ವರ್ಷದ ಮೇಲೆ ಗ್ಯಾಸ್ ಬಂದಾಗ ನಮಗೆ ಸಂಭ್ರಮಪಡುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಸಿಲಿಂಡರ್ ತಂದವನಿಗೆ ಅಪ್ಪ ಒಂದು ಚಹಾ ಕೊಟ್ಟು, ಕೂತು ಸಿಲಿಂಡರನ್ನೇ ನೋಡುತ್ತಿದ್ದ. ಅಕ್ಕನ ಉಬ್ಬಸ ಕಡಿಮೆಯಾಯಿತು, ಆದರೆ ಚಳಿಗಾಲದಲ್ಲಿ ಮರಳಿ ಬರುತ್ತಿತ್ತು. ಅವಳು ಮದುವೆಯಾದಳು, ಮಕ್ಕಳನ್ನು ಬೆಳೆಸಿದಳು, ಅರವತ್ತು ದಾಟಿ ಬದುಕಿದಳು. ಆ ದಿನ ಅಪ್ಪ ಹಾರೆ ಎತ್ತದಿದ್ದರೆ ಅಷ್ಟು ಬದುಕುತ್ತಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಈಗ ನಾನು ಕುರೆಕುಪ್ಪದಲ್ಲಿ ನಿಮ್ಮ ಜೊತೆ ಇದ್ದೇನೆ. ಕರೆಂಟಿನ ಒಲೆಯ ಮೇಲೆ ಬೆಂಕಿಯೇ ಕಾಣದೆ ಹಾಲು ಉಕ್ಕುತ್ತದೆ. ನಿಮ್ಮಪ್ಪನ ಹಳೆಯ ಕಾರಿಗೆ ಗ್ಯಾಸ್ ಕಿಟ್ ಹಾಕಿಸುವುದೋ, ಬ್ಯಾಟರಿಯ ಕಾರು ಕೊಳ್ಳುವುದೋ ಎಂದು ಊಟದ ಹೊತ್ತಿಗೆ ಚರ್ಚೆ ನಡೆಯುತ್ತದೆ. ಹೋದ ಭಾನುವಾರ ಮಾಳಿಗೆಯ ಮೇಲೆ ನೀವು ಗ್ರಿಲ್ ಹಚ್ಚಿದಿರಿ. ಕರೆಂಟಿನದೂ ಇತ್ತು. ಆದರೆ ಹೊಗೆಯ ರುಚಿ ಬೇಕೆಂದು ಇದ್ದಿಲಿನ ಚೀಲ ತರಿಸಿದಿರಿ. ನಾನು ಕುರ್ಚಿಯನ್ನು ಹೊಗೆ ಬರದ ಕಡೆ ಸರಿಸಿಕೊಂಡೆ. ಚಿಕ್ಕವಳು ಓಡಿಬಂದು, “ಅಜ್ಜಿ, ಸಿಟ್ಟು ಬಂತೇನು?” ಎಂದು ಕೇಳಿದಳು.

ಸಿಟ್ಟೇನೂ ಬರಲಿಲ್ಲ, ಮಗಳೇ. ನಿಮಗೆ ಕಣ್ಣು ಉರಿದಾಗ ನೀವು ನಗುತ್ತ ಎದ್ದು ಅತ್ತ ಹೋಗಿ ನಿಂತಿರಿ. ಹೊಗೆ ಸಾಕೆನಿಸಿದಾಗ ನೀರು ಚಿಮುಕಿಸಿ, ಎಲ್ಲವನ್ನೂ ಅಲ್ಲೇ ಬಿಟ್ಟು ಕೆಳಗಿಳಿದು ಹೋದಿರಿ. ಹಾಗೆ ಎದ್ದು ಹೋಗುವುದು ಎಷ್ಟು ದೊಡ್ಡ ಭಾಗ್ಯವೆಂದು ನಿಮಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆದೆ.